ಅಜ್ಜಿಯ ಸೀರೆಗಳಿಂದ ನೆನಪಿನ ಕೌದಿ: ಕತ್ತರಿ ಮುಟ್ಟುವ ಮೊದಲಿನಿಂದ ಕೊನೆಯ ಗಂಟಿನ ತನಕ

ಕಳೆದ ಮಳೆಗಾಲದಲ್ಲಿ ನಾಲ್ಕು ಕೌದಿಗಳು ರಿಪೇರಿಗೆಂದು ನನ್ನ ಹತ್ತಿರ ಬಂದವು. ನಾಲ್ಕೂ ಹೊಸವೇ. ನಾಲ್ಕೂ ತೀರಿಹೋದ ಅಮ್ಮನದೋ ಅಜ್ಜಿಯದೋ ಸೀರೆಗಳಿಂದ ಹೊಲಿದವು. ಒಂದರಲ್ಲಿ ಕೆಂಪು ಸೆರಗಿನ ಬಣ್ಣ ಅಜ್ಜನ ಬಿಳಿ ಧೋತರಕ್ಕೆ ಇಳಿದಿತ್ತು. ಇನ್ನೊಂದರಲ್ಲಿ ರೇಷ್ಮೆ ತುಂಡುಗಳು ಹೊಲಿಗೆಯ ಉದ್ದಕ್ಕೂ ಸೀಳಿದ್ದವು. ಮೂರನೆಯದು ಒಗೆದ ಮೇಲೆ ಸುಟ್ಟ ಹಪ್ಪಳದ ಹಾಗೆ ಮುದುಡಿತ್ತು. ನಾಲ್ಕನೆಯದರ ಅಂಚು ಬಿಚ್ಚಿತ್ತು, ಅಷ್ಟೇ. ಆದರೆ ಅದರಲ್ಲಿ ಯಾವ ತುಂಡು ಯಾರದು ಅಂತ ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ನಾಲ್ಕರಲ್ಲೂ ಹೊಲಿಗೆ ಚೆನ್ನಾಗಿಯೇ ಇತ್ತು. ತಪ್ಪಿದ್ದು ಕೆಲಸದ ಕ್ರಮ. ಎಲ್ಲರೂ ಕತ್ತರಿಯಿಂದ ಶುರು ಮಾಡಿದ್ದರು. ನೆನಪಿನ ಕೌದಿಯಲ್ಲಿ ಕತ್ತರಿ ಬರುವುದು ಐದನೇ ಹಂತದಲ್ಲಿ. ಅದಕ್ಕಿಂತ ಮೊದಲಿನ ನಾಲ್ಕು ಹಂತ ಬಿಟ್ಟರೆ ಮುಂದೆ ಎಷ್ಟು ನಾಜೂಕಾಗಿ ಹೊಲಿದರೂ ಕೌದಿ ಉಳಿಯುವುದಿಲ್ಲ.

## ಬೇಕಾಗುವ ಸಾಮಾನು

ಕೆಳಗಿನ ಲೆಕ್ಕ ಒಬ್ಬರು ಹೊದೆಯುವ ಕೌದಿಗೆ. 5 ಅಡಿ ಅಗಲ, 7 ಅಡಿ ಉದ್ದ.

- ಗಟ್ಟಿಯಾಗಿರುವ ಎರಡು ಹತ್ತಿ ಸೀರೆ. ಒಂದು ತಳಕ್ಕೆ, ಒಂದು ಒಳಪದರಕ್ಕೆ. ಇವು ನೆನಪಿನ ಸೀರೆಗಳೇ ಆಗಬೇಕಿಲ್ಲ.
- ಮೇಲೆ ಕೂಡಿಸುವ ತುಂಡುಗಳಿಗೆ ನಾಲ್ಕೈದು ಹಳೇ ಸೀರೆ, ಧೋತರ, ಕುಬಸ (ರವಿಕೆ), ಅಂಗಿ.
- ದಪ್ಪ ಬಿಳಿ ಹತ್ತಿ ದಾರ, 300 ಮೀಟರ್.
- ಕಣ್ಣು ದೊಡ್ಡದಿರುವ, ಎರಡು ಇಂಚು ಉದ್ದದ ಸೂಜಿ ನಾಲ್ಕು. ದಬ್ಬಣ ಬೇಡ, ಅದು ಹಳೇ ಬಟ್ಟೆಯಲ್ಲಿ ತೂತು ಬಿಡುತ್ತದೆ.
- ಅಂಗುಸ್ತಾನ (ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುವ ಟೋಪಿ), ಚೂಪಾದ ಕತ್ತರಿ, ಅಳತೆ ಟೇಪು, ಅಂಟು ಟೇಪು, ಟೈಲರ್ ಚಾಕ್, ಸ್ವಲ್ಪ ಜೇನುಮೇಣ.
- ಆಸರೆಗೆ ಒಂದು ಮೀಟರ್ ತೆಳು ಮಲ್ ಬಟ್ಟೆ.
- ಒಂದು ನೋಟ್‌ಬುಕ್.

ದಾರದ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಪಾಲಿಯೆಸ್ಟರ್ ದಾರ ಗಟ್ಟಿ ಅಂತ ಅದನ್ನೇ ತರಬೇಡಿ. ಅದು ಹಳೇ ಹತ್ತಿಯನ್ನು ಗರಗಸದ ಹಾಗೆ ಕೊಯ್ಯುತ್ತದೆ. ಎಳೆತ ಬಿದ್ದಾಗ ಹರಿಯಬೇಕಾದ್ದು ದಾರ, ಬಟ್ಟೆ ಅಲ್ಲ. ದಾರ ಹರಿದರೆ ಮತ್ತೆ ಹೊಲಿಯಬಹುದು. ಅಜ್ಜಿಯ ಸೀರೆ ಹರಿದರೆ ಇನ್ನೊಂದನ್ನು ತರುವುದು ಎಲ್ಲಿಂದ?

## ಹಂತ 1: ನೆನಪನ್ನು ಬರೆದಿಡಿ

ಟ್ರಂಕಿನಿಂದ ಬಟ್ಟೆ ತೆಗೆದ ದಿನ ಒಗೆಯಬೇಡಿ, ಇಸ್ತ್ರಿ ಮಾಡಬೇಡಿ. ಒಂದೊಂದನ್ನೇ ಹಗಲು ಬೆಳಕಿನಲ್ಲಿ ಪೂರ್ತಿ ಬಿಚ್ಚಿ ಫೋಟೋ ತೆಗೆಯಿರಿ. ಪ್ರತಿಯೊಂದಕ್ಕೂ ಒಂದು ನಂಬರ್ ಕೊಡಿ. ಬಟ್ಟೆಯ ಪಟ್ಟಿಯ ಮೇಲೆ ನಂಬರ್ ಬರೆದು ಪಿನ್ನಿನಿಂದ ಸಿಕ್ಕಿಸಿ. ನೋಟ್‌ಬುಕ್ಕಿನಲ್ಲಿ ಅದೇ ನಂಬರಿನ ಕೆಳಗೆ ಯಾರದು, ಯಾವಾಗಿನದು, ಯಾವ ಊರಲ್ಲಿ ಕೊಂಡಿದ್ದು, ಯಾವ ಕೆಲಸಕ್ಕೆ ಉಡುತ್ತಿದ್ದರು ಅಂತ ಬರೆಯಿರಿ.

ಮನೆಯ ಹಿರಿಯರನ್ನು ಕೇಳುವಾಗ ಫೋನಿನಲ್ಲಿ ಕೇಳಬೇಡಿ. ಸೀರೆಯನ್ನು ಅವರ ಮಡಿಲಲ್ಲಿಟ್ಟು ಕೇಳಿ. ಕೈಗೆ ಬಟ್ಟೆ ಸಿಕ್ಕಾಗ ಬರುವ ಮಾತು ಫೋನಿನಲ್ಲಿ ಬರುವುದಿಲ್ಲ. ನಮ್ಮ ದೊಡ್ಡಮ್ಮ ಒಂದು ಹಸಿರು ಇಳಕಲ್ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜುತ್ತಾ ಕೂತಿದ್ದು, ಸ್ವಲ್ಪ ಹೊತ್ತಾದ ಮೇಲೆ, "ಇದನ್ನ ಉಟಗೊಂಡು ಅವ್ವ ನನ್ನ ಸಾಲಿಗೆ ಹಚ್ಚಾಕ ಬಂದಿದ್ಲು" ಅಂದರು. ಅದಕ್ಕೂ ಮೊದಲು ಫೋನಿನಲ್ಲಿ ಕೇಳಿದಾಗ, ಯಾವ ಹಸಿರು ಸೀರೆ, ನೆನಪಿಲ್ಲ ಅಂದಿದ್ದರು.

ಕಲೆಗಳನ್ನೂ ಗುರುತಿಸಿಕೊಳ್ಳಿ. ಅರಿಸಿನದ ಕಲೆ, ಒಲೆಯ ಕಿಡಿ ಸಿಡಿದ ತೂತು, ತೇಪೆ. ನಮ್ಮ ಅಜ್ಜಿ ಚಿಲ್ಲರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಅವರ ಪ್ರತಿ ಸೀರೆಯ ಒಂದು ಮೂಲೆ ಅಂಗೈಯಷ್ಟು ಜಾಗದಲ್ಲಿ ಮುದುಡಿ, ಮೆತ್ತಗಾಗಿ, ಬಣ್ಣ ಮಾಸಿದೆ. ಇಸ್ತ್ರಿ ಹಾಕಿದರೂ ಆ ಸುಕ್ಕು ಪೂರ್ತಿ ಹೋಗುವುದಿಲ್ಲ. ಇಂಥ ಜಾಗದ ಸುತ್ತ ಬಣ್ಣದ ದಾರದಿಂದ ದೊಡ್ಡ ದೊಡ್ಡ ಹೊಲಿಗೆ ಹಾಕಿ ಗುರುತು ಮಾಡಿ. ಪೆನ್ನಿನಿಂದ ಬೇಡ.

ಇಲ್ಲಿ ಆಗುವ ತಪ್ಪುಗಳು. ಮೊದಲನೆಯದು, ಮನೆಯವರನ್ನು ಕೇಳದೇ ಇರುವುದು. ಆ ಸೀರೆಯ ಮೇಲೆ ತಂಗಿಗೋ ಅತ್ತಿಗೆಗೋ ಆಸೆ ಇರಬಹುದು. ಕತ್ತರಿಸಿದ ಮೇಲೆ ಕ್ಷಮೆ ಕೇಳಿ ಉಪಯೋಗವಿಲ್ಲ. ಒಂದು ಸೀರೆಯನ್ನಾದರೂ ಇಡಿಯಾಗಿ ಉಳಿಸಿ. ಎರಡನೆಯದು, ವಾಸನೆ. ಬಟ್ಟೆಯಲ್ಲಿ ಉಳಿದಿರುವ ಅವರ ಮೈಯ, ಎಲೆಯಡಿಕೆಯ, ಪೌಡರಿನ ವಾಸನೆ ಒಂದು ಸಲ ಒಗೆದರೆ ಹೋಗಿಬಿಡುತ್ತದೆ. ಆಮೇಲೆ ಅತ್ತವರನ್ನು ನಾನು ನೋಡಿದ್ದೇನೆ. ಒಂದು ಕುಬಸವನ್ನೋ ಕರವಸ್ತ್ರವನ್ನೋ ಒಗೆಯದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಎತ್ತಿಡಿ.

## ಹಂತ 2: ಬಟ್ಟೆಯ ಶಕ್ತಿ ಪರೀಕ್ಷಿಸಿ

ಸೋಲುವವರಲ್ಲಿ ಜಾಸ್ತಿ ಜನ ಸೋಲುವುದು ಈ ಹಂತದಲ್ಲಿ. ತುಂಬಾ ಪ್ರೀತಿಯ ಬಟ್ಟೆ ತುಂಬಾ ಉಟ್ಟ ಬಟ್ಟೆ. ತುಂಬಾ ಉಟ್ಟದ್ದು ತುಂಬಾ ಸವೆದಿರುತ್ತದೆ. ಅದನ್ನೇ ಕೌದಿಯ ತಳಕ್ಕೆ ಹಾಕುತ್ತಾರೆ, ಭಾರ ಹೊರಿಸುತ್ತಾರೆ. ನೆನಪು ಮೇಲಿರಲಿ, ಶಕ್ತಿ ಕೆಳಗಿರಲಿ. ಯಾವ ತುಂಡು ಎಲ್ಲಿ ಹೋಗಬೇಕು ಅನ್ನುವುದನ್ನು ನೂಲು ಹೇಳಬೇಕು.

ಬೆಳಕು. ಸೀರೆಯನ್ನು ಕಿಟಕಿಗೆ ಹಿಡಿಯಿರಿ. ಮಡಿಕೆಯ ಗೆರೆಗಳಲ್ಲಿ ಬೆಳಕು ಜಾಸ್ತಿ ಬಂದರೆ ಅಲ್ಲಿ ನೂಲು ಸವೆದಿದೆ. ನೆರಿಗೆ ಸಿಕ್ಕಿಸುವ ಜಾಗ, ಹಿಮ್ಮಡಿ ತಾಗುವ ಕೆಳಗಿನ ಅಂಚು, ಇವನ್ನು ಮೊದಲು ನೋಡಿ.

ಎಳೆತ. ಎರಡು ಹೆಬ್ಬೆರಳನ್ನು ಒಂದಿಂಚು ದೂರದಲ್ಲಿಟ್ಟು ಮೆಲ್ಲಗೆ ಎಳೆಯಿರಿ. ಹಾಸಿನ (ಉದ್ದ ನೂಲಿನ) ದಿಕ್ಕಿಗೊಮ್ಮೆ, ಹೊಕ್ಕಿನ (ಅಡ್ಡ ನೂಲಿನ) ದಿಕ್ಕಿಗೊಮ್ಮೆ. ಒಂದು ದಿಕ್ಕಿಗೆ ಗಟ್ಟಿ ಇದ್ದು ಇನ್ನೊಂದಕ್ಕೆ ಚರ್ ಅನ್ನುವ ಬಟ್ಟೆ ಬೇಕಾದಷ್ಟಿದೆ. ಹಳೇ ರೇಷ್ಮೆ ನೋಡಲಿಕ್ಕೆ ಹೊಳೆಯುತ್ತಿರುತ್ತದೆ, ಮಡಿಕೆಯಲ್ಲಿ ಮಾತ್ರ ಕಾಗದದ ಹಾಗೆ ಸೀಳುತ್ತದೆ.

ಬೆಂಕಿ. ಅಂಚಿನಿಂದ ಎರಡು ಎಳೆ ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ತಟ್ಟೆಯ ಮೇಲೆ ಸುಡಿ. ಕಾಗದ ಸುಟ್ಟ ವಾಸನೆ, ಬೂದು ಬೂದಿ ಬಂದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದು, ಕರಿ ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕೃತಕ ರೇಷ್ಮೆ ಅಂತ ಕರೆಯುವ ರೇಯಾನ್ ಹತ್ತಿಯ ಹಾಗೇ ಉರಿಯುತ್ತದೆ. ಅದರ ಹೊಳಪು ನೋಡಿ ಗುರುತು ಹಿಡಿಯಬೇಕು.

ಬಣ್ಣ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ, ಸೀರೆಯ ಪ್ರತಿ ಬಣ್ಣದ ಮೇಲೂ ಇಪ್ಪತ್ತು ಸಲ ಉಜ್ಜಿ. ಒಡಲು, ಅಂಚು, ಸೆರಗು ಬೇರೆ ಬೇರೆಯಾಗಿ. ಇಳಕಲ್ ಸೀರೆಯ ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದು, ಸಾಮಾನ್ಯವಾಗಿ ಕೆಂಪು. ಎರಡರ ನಡತೆಯೂ ಬೇರೆ. ಒಡಲಿನ ನೂಲಿಗೂ ಸೆರಗಿನ ನೂಲಿಗೂ ಕೊಂಡಿ ಹಾಕಿ ನೇಯುವ ಆ ಜೋಡಣೆಯ ಗೆರೆಯನ್ನೂ ಎಳೆದು ನೋಡಿ.

ಕೊನೆಗೆ ಮೂರು ಗುಡ್ಡೆ ಮಾಡಿ: ಗಟ್ಟಿ, ಮಧ್ಯಮ, ಜೀರ್ಣ. ಗಟ್ಟಿಯದು ತಳಕ್ಕೆ ಮತ್ತು ಅಂಚಿಗೆ. ಮಧ್ಯಮ ಎಲ್ಲಿಗಾದರೂ ಸರಿ. ಜೀರ್ಣವಾದದ್ದು ಮೇಲ್ಗಡೆ ಮಾತ್ರ, ಅದೂ ಮಲ್ ಬಟ್ಟೆಯ ಆಸರೆ ಕೊಟ್ಟು, ಅಂಚಿನಿಂದ ಒಂದು ಮೊಳ ಒಳಗೆ. ಅಂಚನ್ನು ಹಿಡಿದೇ ಎಲ್ಲರೂ ಎಳೆಯುವುದು, ಅಲ್ವಾ? ಜರಿ ಅಂಚನ್ನು ಮುಖದ ಕಡೆ ಇಡಬೇಡಿ, ಗೀರುತ್ತದೆ.

## ಹಂತ 3: ಒಗೆಯಿರಿ, ಒಣಗಿಸಿ

ಮುಗಿದ ಕೌದಿಯನ್ನು ಮುಂದೆ ಹೇಗೆ ಒಗೆಯುತ್ತೀರೋ, ಪ್ರತಿ ಬಟ್ಟೆಯನ್ನೂ ಈಗಲೇ ಹಾಗೆ ಒಗೆಯಬೇಕು. ಕುಗ್ಗುವುದೆಲ್ಲ ಈಗಲೇ ಕುಗ್ಗಿಬಿಡಲಿ. ತಳಕ್ಕೆ ಹೊಸ ಬಟ್ಟೆ ತಂದಿದ್ದರೆ ಅದನ್ನು ಎರಡು ಸಲ ಒಗೆಯಿರಿ. ಹಪ್ಪಳದ ಹಾಗೆ ಮುದುಡಿದ ಆ ಕೌದಿಗೆ ಒಗೆಯದ ಹೊಸ ಬಟ್ಟೆಯೇ ತಳವಾಗಿತ್ತು.

ಗಂಜಿ ಹಾಕಿದ ಸೀರೆಯನ್ನು ಒಂದು ಗಂಟೆ ಬರೀ ನೀರಿನಲ್ಲಿ ನೆನೆಸಿ. ಗಂಜಿ ಉಳಿದರೆ ಹುಳು ಬರುತ್ತದೆ. ಆಮೇಲೆ ಅಂಟುವಾಳದ ನೀರು ಅಥವಾ ಮೆದುವಾದ ಸೋಪು. ಜೀರ್ಣವಾದ ಸೀರೆಯನ್ನು ನೀರಿನಿಂದ ಒಂದು ತುದಿ ಹಿಡಿದು ಎತ್ತಬೇಡಿ, ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಕೆಳಗೆ ಟವೆಲ್ ಕೊಟ್ಟು ಎರಡೂ ಕೈಯಲ್ಲಿ ಮಗುವನ್ನು ಎತ್ತುವ ಹಾಗೆ ಎತ್ತಿ. ಹಿಂಡಬೇಡಿ. ನೆರಳಲ್ಲಿ ಒಣಗಿಸಿ.

ಕಲ್ಲುಪ್ಪಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುವವರು ಬಹಳ. ಅದನ್ನು ನಂಬಿಕೊಂಡು ಕೂರಬೇಡಿ. ಬಿಡುವ ಬಣ್ಣ ಉಪ್ಪಿಗೆ ನಿಲ್ಲುವುದಿಲ್ಲ. ನನ್ನ ಮೊದಲ ಕೌದಿಯಲ್ಲಿ ನಾನು ಉಪ್ಪನ್ನೇ ನಂಬಿದ್ದೆ. ಅಜ್ಜನ ಧೋತರದ ತುಂಡುಗಳು ಇವತ್ತಿಗೂ ತಿಳಿಗುಲಾಬಿ ಬಣ್ಣದಲ್ಲಿವೆ. ಬೇರೆ ಬಕೆಟ್ಟಿನಲ್ಲಿ, ನೀರು ತಿಳಿಯಾಗುವವರೆಗೆ ಒಗೆಯಿರಿ. ನಾಲ್ಕು ಸಲ ಒಗೆದ ಮೇಲೂ ನೀರು ಕೆಂಪಾದರೆ ಆ ಬಟ್ಟೆ ಈ ಕೌದಿಗೆ ಬೇಡ. ಗಾಢ ಬಣ್ಣದವನ್ನೆಲ್ಲ ಸೇರಿಸಿ ಇನ್ನೊಂದು ಕೌದಿ ಹೊಲಿಯಿರಿ.

## ಹಂತ 4: ಅಳತೆ ಮತ್ತು ತಳ

ಸೀರೆಯ ಅಗಲ ಸುಮಾರು 45 ಇಂಚು. 64 ಇಂಚು ಉದ್ದದ ಎರಡು ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದರೆ ನಮ್ಮ ಅಳತೆಗೆ ಒಂದು ಪದರ ಸಿಗುತ್ತದೆ. ಸುತ್ತಲೂ ಎರಡು ಇಂಚು ಮಡಚಲು ಉಳಿಯುತ್ತದೆ. ತಳದ ಸೀರೆಯನ್ನು ಮಾತ್ರ ಈಗ ತುಂಡು ಮಾಡಿ. ನೆನಪಿನ ಬಟ್ಟೆಗಳ ಮೇಲೆ ಇನ್ನೂ ಕತ್ತರಿ ಬಿದ್ದಿಲ್ಲ.

ಒಳಪದರವನ್ನು ಸೇರಿಸುವಾಗ ಅದರ ಜೋಡು ತಳದ ಜೋಡಿನ ಮೇಲೇ ಬರದ ಹಾಗೆ ಎರಡು ಇಂಚು ಸರಿಸಿ. ಎರಡೂ ಒಂದರ ಮೇಲೊಂದು ಕೂತರೆ ಅಲ್ಲಿ ಸೂಜಿ ಇಳಿಯುವುದಿಲ್ಲ. ಒಟ್ಟು ನಾಲ್ಕು ಪದರಕ್ಕಿಂತ ಜಾಸ್ತಿ ಬೇಡ. ಬೆಚ್ಚಗಿರಲಿ ಅಂತ ಆರು ಪದರ ಹಾಕಿದವರು ಅರ್ಧಕ್ಕೇ ಕೈಬಿಟ್ಟಿದ್ದಾರೆ.

## ಹಂತ 5: ಈಗ ಕತ್ತರಿ

ಗುರುತು ಹಾಕಿದ ಜಾಗಗಳನ್ನು ಮೊದಲು ಕತ್ತರಿಸಿ, ಆಮೇಲೆ ಸುತ್ತಲಿನದು. ಸುತ್ತಲೂ ಮಡಚಲು ಅರ್ಧ ಇಂಚು ಬಿಡಿ. ತುಂಡು ನಾಲ್ಕು ಇಂಚಿಗಿಂತ ಸಣ್ಣದಾಗಬಾರದು. ಒಂದು ಗೇಣು ಇದ್ದರೆ ಚೆಂದ. ತೀರಾ ಸಣ್ಣ ತುಂಡಿನಲ್ಲಿ ಅದು ಖಣವೋ ಚೌಕಳಿಯೋ ಅಂತಲೂ ಗೊತ್ತಾಗುವುದಿಲ್ಲ, ಯಾರ ನೆನಪೂ ಅದರಲ್ಲಿ ಕೂರುವುದಿಲ್ಲ. ಗಟ್ಟಿ ಹತ್ತಿಯನ್ನು ಕೈಯಿಂದ ಹರಿದರೆ ನೇರವಾಗಿ ಬರುತ್ತದೆ. ಹಳೆಯದನ್ನು ಕತ್ತರಿಸಿಯೇ ತೆಗೆಯಬೇಕು.

ಜೀರ್ಣ ತುಂಡಿನ ಹಿಂದೆ ಅಷ್ಟೇ ಅಳತೆಯ ಮಲ್ ಬಟ್ಟೆ ಇಟ್ಟು ಸುತ್ತಲೂ ಸಡಿಲವಾಗಿ ಹೊಲಿಯಿರಿ. ಇನ್ನು ಮೇಲೆ ಎರಡೂ ಸೇರಿ ಒಂದೇ ಬಟ್ಟೆ. ಸೆರಗಿನ ಗಂಟಿನ ಸುಕ್ಕನ್ನು ನಾನು ಹೀಗೇ ಉಳಿಸಿಕೊಂಡಿದ್ದೇನೆ, ಇಸ್ತ್ರಿ ಹಾಕದೆ.

ಪ್ರತಿ ತುಂಡಿನ ಹಿಂದೆ ಅದರ ನಂಬರನ್ನು ಚಾಕಿನಲ್ಲಿ ಬರೆಯಿರಿ. ಇದನ್ನು ಮರೆತರೆ ಒಂದನೇ ಹಂತದ ಶ್ರಮವೆಲ್ಲ ನೀರುಪಾಲು.

## ಹಂತ 6: ಹಾಸಿ, ಕಚ್ಚಾ ಹೊಲಿಗೆ ಹಾಕಿ

ನೆಲ ಒರೆಸಿ ಒಣಗಿಸಿ. ತಳದ ಬಟ್ಟೆಯನ್ನು ಉಲ್ಟಾ ಹಾಸಿ, ನಾಲ್ಕು ಮೂಲೆಗೂ ಅಂಟು ಟೇಪು ಹಚ್ಚಿ. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಅದರ ಮೇಲೆ ಒಳಪದರ, ಅದರ ಮೇಲೆ ತುಂಡುಗಳು. ತುಂಡುಗಳನ್ನು ಸುಮ್ನೆ ಜೋಡಿಸಿ, ಸ್ಟೂಲಿನ ಮೇಲೆ ನಿಂತು ನೋಡಿ, ಬದಲಿಸಿ, ಮತ್ತೆ ನೋಡಿ. ಒಂದು ರಾತ್ರಿ ಹಾಗೇ ಬಿಡುವುದು ಒಳ್ಳೆಯದು. ತೃಪ್ತಿಯಾದ ಮೇಲೆ ಫೋಟೋ ತೆಗೆದು ಯಾವ ನಂಬರ್ ಎಲ್ಲಿದೆ ಅಂತ ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಳ್ಳಿ.

ತುಂಡಿನ ಅಂಚು ಮಡಚಿ, ಬಣ್ಣದ ದಾರದಿಂದ ಉದ್ದುದ್ದ ಕಚ್ಚಾ ಹೊಲಿಗೆ (ಕೊನೆಗೆ ಬಿಚ್ಚಿಬಿಡುವ ತಾತ್ಕಾಲಿಕ ಹೊಲಿಗೆ) ಹಾಕಿ. ನಡುವಿನಿಂದ ಶುರು ಮಾಡಿ ನಾಲ್ಕೂ ಕಡೆಗೆ ಹೋಗಿ. ಗೇಣಿಗೊಂದು ಸಾಲು ಸಾಕು. ಪಿನ್ನುಗಳ ಮೇಲೇ ಕೆಲಸ ನಡೆಸಬೇಡಿ. ಕೌದಿ ತಿಂಗಳುಗಟ್ಟಲೆಯ ಕೆಲಸ, ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿದು ಕಲೆ ಬಿಡುತ್ತದೆ.

ಎಚ್ಚರಿಕೆಯ ಗುರುತು: ಕೌದಿಯನ್ನು ಮಗುಚಿ ನೋಡಿ. ತಳದಲ್ಲಿ ಒಂದು ಸುಕ್ಕು ಕಂಡರೂ ಬಿಚ್ಚಿ. ಹೊಲಿಯುತ್ತಾ ಸರಿಹೋಗುತ್ತದೆ ಅಂತ ಬಿಟ್ಟ ಸುಕ್ಕು ಯಾವತ್ತೂ ಸರಿಹೋಗಿಲ್ಲ.

## ಹಂತ 7: ಹೊಲಿಗೆ

ದಾರ ಒಂದೂವರೆ ಮೊಳ ಮಾತ್ರ. ಉದ್ದ ಇಟ್ಟರೆ ಕೆಲಸ ಬೇಗ ಆಗುವುದಿಲ್ಲ, ಗಂಟು ಬೀಳುತ್ತದೆ. ದಾರವನ್ನು ಜೇನುಮೇಣದ ಮೇಲೆ ಒಂದು ಸಲ ಎಳೆಯಿರಿ. ಗಂಟನ್ನು ಮೇಲಿನ ಪದರದ ಕೆಳಗೆ ಅಡಗಿಸಿ.

ಸೂಜಿ ಮೇಲೆ ಕೆಳಗೆ ಹೋಗುವ ಸಾದಾ ಹೊಲಿಗೆ, ಅಷ್ಟೇ. ಮೇಲೆ ಒಂದು ಅಕ್ಕಿಕಾಳಿನಷ್ಟು, ಕೆಳಗೂ ಅಷ್ಟೇ. ಒಂದು ಸಲಕ್ಕೆ ಮೂರು ನಾಲ್ಕು ಹೊಲಿಗೆಯನ್ನು ಸೂಜಿಗೆ ತುಂಬಿಕೊಂಡು, ಅಂಗುಸ್ತಾನದಿಂದ ತಳ್ಳಿ. ಸಾಲಿನಿಂದ ಸಾಲಿಗೆ ಮುಕ್ಕಾಲು ಇಂಚು. ಈ ಲೆಕ್ಕದಲ್ಲಿ ಪೂರ್ತಿ ಕೌದಿಗೆ 170 ಮೀಟರಿನಷ್ಟು ಹೊಲಿಗೆ ಬೀಳುತ್ತದೆ, 330 ಸಲ ಸೂಜಿಗೆ ದಾರ ಪೋಣಿಸಬೇಕಾಗುತ್ತದೆ. ಮೊದಲೇ ಗೊತ್ತಿದ್ದರೆ ಹತ್ತನೇ ದಿನಕ್ಕೆ ಬೇಜಾರಾಗುವುದಿಲ್ಲ. ದಿನಕ್ಕೆ ಒಂದು ಗಂಟೆ ಸಾಕು.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನ ಮೂಲೆಯಿಂದ ಶುರು ಮಾಡಿ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ತುಂಡುಗಳನ್ನೂ ಹೊಲಿಯುತ್ತಲೇ ಮಡಚಿ ಸೇರಿಸುತ್ತಾ ಹೋಗುತ್ತಾರೆ. ನನಗೂ ಸುತ್ತಿನ ಹೊಲಿಗೆಯೇ ಇಷ್ಟ, ಅಂಚು ಮೊದಲೇ ಭದ್ರವಾಗುತ್ತದೆ. ಆದರೆ ಅವರ ಕಣ್ಣಿನ ಅಂದಾಜು ನಮಗಿಲ್ಲ. ಹೊಸಬರು ಕಚ್ಚಾ ಹೊಲಿಗೆಯನ್ನೂ, ಎಂಟನೇ ಹಂತದಲ್ಲಿ ಹೇಳಿರುವ ಅಂಚಿನ ಮಡಿಕೆಯನ್ನೂ ಮುಗಿಸಿಕೊಂಡೇ ಸುತ್ತು ಶುರು ಮಾಡಿ. ಕಚ್ಚಾ ಹೊಲಿಗೆ ಇಲ್ಲದಿದ್ದರೆ ಹೆಚ್ಚುವರಿ ಬಟ್ಟೆಯೆಲ್ಲ ನಡುವಿಗೆ ಬಂದು ಬೋರಲು ಹಾಕಿದ ಬಟ್ಟಲಿನ ಹಾಗೆ ಉಬ್ಬುತ್ತದೆ.

ಕೆಲಸ ನಿಲ್ಲಿಸಬೇಕಾದ ಗುರುತುಗಳು:

- ಹೊಲಿಗೆಯ ಎರಡೂ ಬದಿ ಸಣ್ಣ ನೆರಿಗೆ ಕಂಡರೆ ದಾರ ಬಿಗಿಯಾಗಿದೆ. ಸಾಲು ಮುಗಿದ ಮೇಲೆ ಬಟ್ಟೆಯನ್ನು ಎರಡು ಕೈಯಲ್ಲಿ ಹಿಗ್ಗಿಸಿ, ದಾರ ಸಡಿಲಾಗಲಿ.
- ಸೂಜಿ ತಳ್ಳುವಾಗ ಟಪ್ ಅಂತ ಶಬ್ದ ಬಂದರೆ ನೂಲು ತುಂಡಾಗುತ್ತಿದೆ. ಸೂಜಿ ಮೊಂಡಾಗಿರಬಹುದು, ಬದಲಿಸಿ.
- ಹಿಂದೆ ಹೊಲಿಗೆ ಕಾಣದಿದ್ದರೆ ಸೂಜಿ ತಳಕ್ಕೆ ತಲುಪುತ್ತಿಲ್ಲ. ಪ್ರತಿ ಸಾಲಿನ ಕೊನೆಗೆ ಮಗುಚಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.
- ರೇಷ್ಮೆ ತುಂಡಿನ ಮೇಲೆ ಸೂಜಿಯ ತೂತು ಹಾಗೇ ತೆರೆದುಕೊಂಡು ನಿಂತರೆ ಅಲ್ಲಿ ಸಾಲುಗಳನ್ನು ದೂರ ಮಾಡಿ. ಸಾಲು ಒತ್ತಾದಷ್ಟೂ ಜೀರ್ಣ ಬಟ್ಟೆ ಬೇಗ ಸೀಳುತ್ತದೆ.

## ಹಂತ 8: ಅಂಚು ಮತ್ತು ಮೂಲೆ

ಸುತ್ತಿನ ಹೊಲಿಗೆ ಹೊರಗಿನಿಂದ ಬರುವುದರಿಂದ ಅಂಚನ್ನು ಮಡಚುವ ಕೆಲಸ ಮೊದಲ ಸಾಲಿಗೂ ಮುಂಚೆ ಮುಗಿದಿರಬೇಕು. ತಳದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಮೇಲಕ್ಕೆ ತನ್ನಿ. ಸೀರೆಯ ಅಂಚನ್ನೇ ಸುತ್ತಲೂ ಪಟ್ಟಿಯಾಗಿ ಕೊಡುವ ಆಸೆ ಇದ್ದರೆ ಅದನ್ನು ಎಳೆದು ಹೊಲಿಯಬೇಡಿ, ಸಡಿಲವಾಗಿ ಕೂರಿಸಿ. ಅಂಚಿನ ನೇಯ್ಗೆ ಬಿಗಿ, ಎಳೆದರೆ ಕೌದಿ ದೋಣಿಯ ಹಾಗೆ ಮೇಲೇಳುತ್ತದೆ.

ಸಿದ್ದಿಯರು ನಾಲ್ಕು ಮೂಲೆಗೂ ಬಟ್ಟೆಯನ್ನು ಪದರ ಪದರವಾಗಿ ತ್ರಿಕೋನಕ್ಕೆ ಮಡಚಿ ಇಟ್ಟು ಹೊಲಿಯುತ್ತಾರೆ. ಅದಕ್ಕೆ ಫೂಲ ಅನ್ನುತ್ತಾರೆ, ಹೂವು ಅಂತ. ಅದಿಲ್ಲದೆ ಕೌದಿ ಮುಗಿದ ಹಾಗಲ್ಲ ಅವರಿಗೆ. ನೀವೂ ಗಟ್ಟಿ ಬಟ್ಟೆಯಲ್ಲಿ ಇಟ್ಟು ನೋಡಿ, ಮೂಲೆ ಸವೆಯದ ಹಾಗೆ ಕಾಯುತ್ತದೆ.

## ಹಂತ 9: ಹೆಸರಿನ ಪಟ್ಟಿ

ಬಿಳಿ ಹತ್ತಿ ಪಟ್ಟಿಯ ಮೇಲೆ ಹೆಸರು, ಊರು, ಹೊಲಿದ ವರ್ಷ ಕಸೂತಿಯಲ್ಲಿ ಹಾಕಿ ಹಿಂಬದಿಯ ಮೂಲೆಗೆ ಹೊಲಿಯಿರಿ. ಪೆನ್ನಿನ ಶಾಯಿ ಒಗೆತಕ್ಕೆ ಮಾಸುತ್ತದೆ, ದಾರ ಮಾಸುವುದಿಲ್ಲ. ನೋಟ್‌ಬುಕ್ಕಿನ ನಕ್ಷೆಯ ಪ್ರತಿಯನ್ನು ಮನೆಯ ಮೂರು ಜನರಿಗಾದರೂ ಕಳಿಸಿ. ಕಾಗದವನ್ನು ಕೌದಿಯ ಒಳಗಿಟ್ಟು ಹೊಲಿಯಬೇಡಿ, ಮೊದಲ ಒಗೆತಕ್ಕೇ ಮುದ್ದೆಯಾಗುತ್ತದೆ.

ಕಚ್ಚಾ ಹೊಲಿಗೆ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ.

## ಹಂತ 10: ಬಳಕೆ, ಒಗೆತ, ತೇಪೆ

ಹೊದೆಯಿರಿ. ಬೀರುವಿನಲ್ಲೇ ಇಟ್ಟರೆ ಮಡಿಕೆಯ ಗೆರೆಯಲ್ಲಿ ಕೌದಿ ಸೀಳುತ್ತದೆ. ವರ್ಷಕ್ಕೆ ಎರಡು ಸಲ ಕೈಯಲ್ಲಿ ಒಗೆದರೆ ಸಾಕು, ವಾಷಿಂಗ್ ಮೆಷಿನ್ ಬೇಡ. ಒದ್ದೆ ಕೌದಿ ಬಹಳ ಭಾರ, ಒಂದೇ ಹಗ್ಗಕ್ಕೆ ನೇತು ಹಾಕಬೇಡಿ. ಅಕ್ಕಪಕ್ಕದ ಎರಡು ಹಗ್ಗದ ಮೇಲೆ ಹರಡಿ. ಎತ್ತಿಡುವಾಗ ಪ್ಲಾಸ್ಟಿಕ್ ಕವರ್ ಬಿಟ್ಟು ಹಳೇ ಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನೆಲೆ ಇಡಿ. ಪ್ರತಿ ಸಲವೂ ಮಡಿಕೆ ಬದಲಿಸಿ. ಎಳೆ ಮಕ್ಕಳು ಹೊದೆಯುವ ಕೌದಿಗೆ ನುಸಿಗುಳಿಗೆ ಹಾಕಲೇಬಾರದು.

ಹರಿದರೆ ತುಂಡನ್ನು ಬಿಚ್ಚಿ ತೆಗೆಯಬೇಡಿ. ಅದರ ಮೇಲೆ ಇನ್ನೊಂದು ತೇಪೆ ಹಾಕಿ, ಹಳೆಯದು ಕೆಳಗೇ ಇರಲಿ. ಹೊಸ ತೇಪೆಗೂ ನಂಬರ್ ಕೊಟ್ಟು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಮ್ಮ ಮನೆಯ ಕೌದಿಯಲ್ಲಿ ಕೊನೆಯ ನಂಬರ್ 23. ಮಗಳ ಶಾಲೆಯ ನೀಲಿ ಯೂನಿಫಾರ್ಮ್, ಅಜ್ಜಿಯ ಹಸಿರು ಇಳಕಲ್ಲಿನ ಮೇಲೆ ಕೂತಿದೆ.